ಸೈಕಲ್ ಪ್ರಶ್ನೋತ್ತರ: ಕೆಸರಿಗೆ ಎಂಥ ಟೈರು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕೊಡಗಿನವು. ತೋಟದ ದಾರಿ, ಗದ್ದೆ ಬದು, ಸೋಲಿಂಗ್ ಕಲ್ಲಿನ ರಸ್ತೆಗಳಲ್ಲಿ ಸೈಕ್ಲೋಕ್ರಾಸ್ (ಕೆಸರು ದಾರಿಯ ಓಟದ್ದು), ಗ್ರಾವೆಲ್ (ಮಣ್ಣು-ಜಲ್ಲಿ ದಾರಿಯದು), ಎಂಟಿಬಿ (ಗುಡ್ಡಗಾಡಿನದು) ಸೈಕಲ್ ಓಡಿಸುವವರ ಪ್ರಶ್ನೆಗಳು. ಒಂದೇ ಬಗೆಯವನ್ನು ಒಟ್ಟುಮಾಡಿಕೊಂಡಿದ್ದೇವೆ.

ನನ್ನದು ಸೈಕ್ಲೋಕ್ರಾಸ್ ಸೈಕಲ್, ಟೈರು 700×33, ಅಂದರೆ 33 ಮಿ.ಮೀ. ಅಗಲದ್ದು. ಮಳೆ ಹಿಡಿದ ಮೇಲೆ ತೋಟದೊಳಗೆ ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಹಿಂದಿನ ಚಕ್ರ ಕೆಸರು ಕಚ್ಚಿಕೊಂಡು ನಿಂತೇಬಿಡುತ್ತದೆ. 42ರ ದಪ್ಪ ಟೈರು ಹಾಕಿದರೆ ಸರಿಹೋಗುತ್ತದೆಯೇ?
– ಓದುಗರು, ನಾಪೋಕ್ಲು

ಇಲ್ಲ, ಇನ್ನೂ ಬೇಗ ನಿಲ್ಲುತ್ತದೆ. ನಿಮ್ಮ ಚಕ್ರಕ್ಕೆ ಹಿಡಿತ ಸಾಲದೆ ಬಂದ ತೊಂದರೆ ಇದಲ್ಲ. ಟೈರಿಗೂ ಫ್ರೇಮಿಗೂ ನಡುವೆ ಕೆಸರು ಉದುರಿಹೋಗಲು ಜಾಗವಿಲ್ಲ, ಅಷ್ಟೇ. ಕಾಫಿ ತೋಟದಲ್ಲಿ ಇದು ಬೇರೆ ಕಡೆಗಿಂತ ಹೆಚ್ಚು. ಕೆಂಪು ಜೇಡಿಗೆ ಸಿಲ್ವರ್ ಓಕಿನ ಒಣ ಎಲೆ ಬೆರೆತರೆ, ಗೋಡೆ ಕಟ್ಟಲು ಹುಲ್ಲು ಹಾಕಿ ತುಳಿದ ಮಣ್ಣಿನಂತಾಗುತ್ತದೆ. ಬರೀ ಕೆಸರಾದರೆ ಚಕ್ರ ತಿರುಗಿದಂತೆ ಎಗರಿ ಬೀಳುತ್ತದೆ. ಎಲೆ ಸೇರಿದ್ದು ಪೆಡಲಿನ ಅಚ್ಚಿನ ಹಿಂದೆ, ಎರಡು ಕೊಳವೆಗಳು ಕೂಡುವ ಸಂದಿಯಲ್ಲಿ, ಪದರ ಪದರವಾಗಿ ಗಟ್ಟಿ ಕೂರುತ್ತದೆ. ಬೆರಳಲ್ಲಿ ಕಿತ್ತರೂ ಬರುವುದಿಲ್ಲ, ಕಡ್ಡಿ ಬೇಕು.

ಮೊದಲು ಅಳೆಯಿರಿ. ಚಕ್ರ ಹಾಕಿದ್ದಾಗಲೇ ಟೈರಿನ ಅತಿ ದಪ್ಪ ಭಾಗ ಫ್ರೇಮಿನ ಎಲ್ಲಿಗೆ ಬರುತ್ತದೆಂದು ಎರಡೂ ಕೊಳವೆಗೆ ಟೇಪಿನ ತುಂಡು ಅಂಟಿಸಿ. ಆಮೇಲೆ ಚಕ್ರ ಕಳಚಿ ಆ ಎರಡು ಗುರುತುಗಳ ನಡುವಿನ ಒಳಗಿನ ಅಂತರ ನೋಡಿ. 50 ಮಿ.ಮೀ. ಇದೆಯೆನ್ನಿ. ಎರಡೂ ಬದಿಗೆ ತಲಾ 6 ಮಿ.ಮೀ. ಬಿಟ್ಟರೆ ಉಳಿಯುವುದು 38. ಅದು ಒಣ ದಾರಿಯ ಲೆಕ್ಕ. ಮಳೆಗಾಲಕ್ಕೆ ತಲಾ 8ರ ಆಸುಪಾಸಾದರೂ ಬೇಕು. ಅಂದರೆ 34–35ರ ಟೈರು. ಟೈರಿನ ತಲೆಯ ಮೇಲೂ ಹಾಗೆಯೇ ಅಳೆಯಿರಿ, ಫೋರ್ಕಿನ ಕಿರೀಟದ ಅಡಿಯನ್ನು ಮರೆಯಬೇಡಿ.

ಟೈರಿನ ಮೇಲೆ ಅಚ್ಚಾದ ಅಂಕಿಯನ್ನು ಪೂರ್ತಿ ನಂಬುವಂತಿಲ್ಲ. ರಿಮ್ಮಿನ ಒಳ ಅಗಲ 1 ಮಿ.ಮೀ. ಹೆಚ್ಚಿದರೆ ಟೈರು ಸುಮಾರು ಅರ್ಧ ಮಿ.ಮೀ. ಅಗಲವಾಗುತ್ತದೆ. ಹೀಗಾಗಿ 35 ಎಂದಿರುವ ಟೈರು 17 ಮಿ.ಮೀ. ರಿಮ್ಮಿನಲ್ಲಿ 34, 23 ಮಿ.ಮೀ. ರಿಮ್ಮಿನಲ್ಲಿ 37 ತೋರಿಸಬಹುದು. ಹೊಸ ಟೈರು ಗಾಳಿ ಹಿಡಿದು ಒಂದೆರಡು ದಿನ ಕಳೆದ ಮೇಲೆ ಇನ್ನೊಂದು ಚೂರು ಹಿಗ್ಗುತ್ತದೆ. ಆಮೇಲೆ ವರ್ನಿಯರ್ ಹಿಡಿದು ನೋಡಿ.

ಈಗ ಗೊಟ್ಟಿನ, ಅಂದರೆ ಟೈರಿನ ಮೈಮೇಲಿನ ರಬ್ಬರ್ ಉಬ್ಬುಗಳ ವಿಷಯ. ಎತ್ತರಕ್ಕಿಂತ ಗೊಟ್ಟುಗಳ ನಡುವಿನ ಬಯಲು ಮುಖ್ಯ. ಎರಡು ಗೊಟ್ಟುಗಳ ನಡುವಿನ ಜಾಗ ಗೊಟ್ಟಿಗಿಂತ ಅಗಲವಾಗಿದ್ದರೆ ಜೇಡಿ ಕಳಚಿಕೊಳ್ಳುತ್ತದೆ. ಒತ್ತೊತ್ತಾಗಿ ಸಣ್ಣ ಗೊಟ್ಟಿರುವ ಟೈರು ಹತ್ತು ಮೀಟರಿನಲ್ಲಿ ನುಣುಪಾದ ಮಣ್ಣಿನ ಉರುಳೆಯಾಗುತ್ತದೆ. ಅಂಗಡಿಯಲ್ಲಿ ‘ಎಲ್ಲ ದಾರಿಗೂ ಆಗುತ್ತದೆ’ ಎಂದು ಕೊಡುವವು ಹೆಚ್ಚಾಗಿ ಈ ಜಾತಿಯವು. ಅವು ಏಪ್ರಿಲ್ಲಿನ ದೂಳಿಗೆ ಸರಿ, ಜುಲೈಗೆ ಅಲ್ಲ. ನಮ್ಮ ತೋಟದ ದಾರಿಗಳಿಗೆ ಸಾಮಾನ್ಯವಾಗಿ ಅಡಿಯಲ್ಲಿ ಕಲ್ಲು ಕೂರಿಸಿರುತ್ತಾರೆ, ಕೆಸರು ಮೇಲಿನ ನಾಲ್ಕು ಬೆರಳಷ್ಟೇ. ಸಣ್ಣ ಟೈರು ಅದನ್ನು ಸೀಳಿಕೊಂಡು ಹೋಗಿ ಅಡಿಯ ಕಲ್ಲನ್ನು ಹಿಡಿಯುತ್ತದೆ. ದಪ್ಪದ್ದು ಮೇಲೆಯೇ ತೇಲಿ ಜಾರುತ್ತದೆ. ಉತ್ತ ಗದ್ದೆಯಲ್ಲಿ ಈ ಮಾತು ನಡೆಯುವುದಿಲ್ಲ, ಅಲ್ಲಿ ಸೈಕಲ್ ಹೆಗಲಿಗೇ.

ಮುಂದಿನ ಫೋರ್ಕಿನಲ್ಲಿ ಹೆಚ್ಚು ಜಾಗವಿರುವುದರಿಂದ ಮುಂದಕ್ಕೆ 38, ಹಿಂದಕ್ಕೆ 35 ಹಾಕಬಹುದು. ಎರಡೂ ಒಂದೇ ಇರಬೇಕೆಂಬ ನಿಯಮವೇನಿಲ್ಲ. ಹಣ ಒಂದಕ್ಕೇ ಇದ್ದರೆ ಒಳ್ಳೆಯದನ್ನು ಮುಂದಕ್ಕೆ ಹಾಕಿ. ಹಿಂದಿನ ಚಕ್ರ ಜಾರಿದರೆ ಕಾಲೂರಿ ನಿಲ್ಲಬಹುದು, ಮುಂದಿನದು ಜಾರಿದರೆ ನೆಲಕ್ಕೇ. ಪಾಚಿ ಹಿಡಿದ ಕಲ್ಲು, ಮರದ ಬೇರು ಹೆಚ್ಚಿರುವ ಕಡೆ ಗೊಟ್ಟು ಏನೂ ಮಾಡುವುದಿಲ್ಲ, ರಬ್ಬರ್ ಮೆತ್ತಗಿರಬೇಕು. ಎರಡು ಟೈರನ್ನು ಪಕ್ಕಪಕ್ಕ ಇಟ್ಟು ಗೊಟ್ಟಿನ ತುದಿಯನ್ನು ಉಗುರಿನಿಂದ ಒತ್ತಿ ನೋಡಿದರೆ ಯಾವುದು ಮೆತ್ತಗೆ ಎಂಬುದು ತಿಳಿಯುತ್ತದೆ. ಮೆತ್ತಗಿನದು ಡಾಂಬರಿನಲ್ಲಿ ಬೇಗ ಸವೆಯುತ್ತದೆ, ಅದಕ್ಕೆ ಪರಿಹಾರವಿಲ್ಲ.

ಅಂದಹಾಗೆ, 33 ಮಿ.ಮೀ. ಎಂಬುದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ಸೈಕ್ಲೋಕ್ರಾಸ್ ಸ್ಪರ್ಧೆಗೆ ಇಟ್ಟಿರುವ ಮಿತಿ. ತೋಟದ ಗೇಟಿನಲ್ಲಿ ಯಾರೂ ಅಳೆಯುವುದಿಲ್ಲ. ಅಳೆದಾಗ ಜಾಗವಿದ್ದರೆ 35 ಹಾಕಿಕೊಳ್ಳಿ.

ಊರಿನ ಅಂಗಡಿಯಲ್ಲಿ 28 ಇಂಚಿನ ಟೈರು ತಂದೆ. 700ಸಿ ಅಂದರೂ 28 ಇಂಚೇ ಎಂದರು. ರಿಮ್ಮಿನ ಮೇಲೆ ಕೂರುತ್ತಲೇ ಇಲ್ಲ, ಸಡಿಲ.
– ಓದುಗರು, ಪೊನ್ನಂಪೇಟೆ

ನಮ್ಮ ಹಳೆಯ ಕರಿ ಸೈಕಲ್ಲಿನ 28×1½ ಟೈರು ಕೂರುವ ರಿಮ್ಮಿನ ಅಳತೆ 635 ಮಿ.ಮೀ. ನಿಮ್ಮ 700ಸಿ ರಿಮ್ಮು 622. ಹದಿಮೂರು ಮಿ.ಮೀ. ವ್ಯತ್ಯಾಸ, ಸಡಿಲವಾಗದೆ ಇನ್ನೇನು. ಇಂಚಿನ ಲೆಕ್ಕ ಬಿಟ್ಟು ಟೈರಿನ ಬದಿಯಲ್ಲಿ ಸಣ್ಣದಾಗಿ ಅಚ್ಚಾಗಿರುವ 35-622 ಎಂಬಂಥ ಜೋಡಿ ಸಂಖ್ಯೆ ನೋಡಿ: ಮೊದಲನೆಯದು ಅಗಲ, ಎರಡನೆಯದು ಕೂರುವ ವ್ಯಾಸ. 700ಸಿ ಮತ್ತು 29 ಇಂಚು ಎರಡೂ 622. 27.5 ಇಂಚು ಹಾಗೂ 650ಬಿ ಎರಡೂ 584. ಎಂಟಿಬಿಯ 26 ಇಂಚು 559, ಆದರೆ 26×1⅜ ಎಂದಿರುವುದು 590. ಎರಡನೆಯ ಸಂಖ್ಯೆ ಹೊಂದದ ಟೈರನ್ನು ಹೇಗೋ ಕೂರಿಸಿ ಗಾಳಿ ಹೊಡೆಯಬೇಡಿ, ಓಡುವಾಗ ಕಳಚಿ ಬರುತ್ತದೆ. ವಾಪಸು ಕೊಡಿ.

ಬಿದಿರು ಮುಳ್ಳಿನಿಂದ ತಿಂಗಳಿಗೆ ನಾಲ್ಕು ಪಂಚರ್. ಟ್ಯೂಬ್‌ಲೆಸ್ ಮಾಡಿಸಬಹುದೇ? ಮನೆಯಲ್ಲೇ ಆಗುತ್ತದೆಯೇ? ಗಾಳಿ ಎಷ್ಟಿರಬೇಕು? ಟೈರು 700×40, ನನ್ನ ತೂಕ 65 ಕೆ.ಜಿ.
– ಓದುಗರು, ಸಿದ್ದಾಪುರ

ಮಾಡಿಸಿ. ನಿಮ್ಮ ಕಡೆ ಅದು ಬರೀ ಅನುಕೂಲದ ಮಾತಲ್ಲ. ಮುಂಜಾನೆ, ಮುಸ್ಸಂಜೆ ಆನೆ ದಾಟುವ ದಾರಿಯಲ್ಲಿ ಕುಕ್ಕರಗಾಲಲ್ಲಿ ಕೂತು ಟ್ಯೂಬು ಬದಲಿಸುವಂತಿಲ್ಲ.

ಟೈರು, ರಿಮ್ಮು ಎರಡರ ಮೇಲೂ ಟ್ಯೂಬ್‌ಲೆಸ್ ರೆಡಿ ಎಂದಿರಬೇಕು. ಮಾಮೂಲಿ ರಿಮ್ಮಿಗೆ ಟೇಪು ಸುತ್ತಿ ಹೇಗೋ ನಡೆಸುವವರಿದ್ದಾರೆ. ಗಾಳಿ ಕಡಿಮೆಯಿರುವಾಗ ತಿರುವಿನಲ್ಲಿ ಟೈರು ಬಿಟ್ಟುಕೊಳ್ಳುವುದು ಅಂಥವರಿಗೇ. ಬೇಕಾಗುವ ಸಾಮಾನು: ರಿಮ್ಮಿನ ಒಳ ಅಗಲಕ್ಕಿಂತ 2–3 ಮಿ.ಮೀ. ಅಗಲದ ಟ್ಯೂಬ್‌ಲೆಸ್ ಟೇಪು, ಎರಡು ವಾಲ್ವು, ತೂತು ಮುಚ್ಚುವ ದ್ರವ ಅಂದರೆ ಸೀಲೆಂಟ್, ಸೋಪು ನೀರು, ಮೆಡಿಕಲ್ ಅಂಗಡಿಯ ಐಸೊಪ್ರೊಪೈಲ್ ಸ್ಪಿರಿಟ್.

ಹಳೆ ಟೇಪು ಕಿತ್ತು ರಿಮ್ಮನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಪೂರ್ತಿ ಒಣಗಲಿ. ಅಂಟು ಬಿಡುವುದಕ್ಕೆ ಮೊದಲ ಕಾರಣವೇ ಇಲ್ಲಿ ಉಳಿದ ಜಿಡ್ಡು ಮತ್ತು ತೇವ. ಮಳೆಗಾಲದಲ್ಲಾದರೆ ಒಲೆಯ ಕೋಣೆಯಲ್ಲಿ ಒಂದು ಗಂಟೆ ಇಟ್ಟು ಆಮೇಲೆ ಟೇಪು ಹಚ್ಚಿ. ವಾಲ್ವ್ ತೂತಿನ 10 ಸೆಂ.ಮೀ. ಹಿಂದಿನಿಂದ ಶುರುಮಾಡಿ, ಟೇಪನ್ನು ಚೆನ್ನಾಗಿ ಎಳೆದು ಬಿಗಿಯಾಗಿ ಸುತ್ತಿ, ತೂತು ದಾಟಿ ಇನ್ನೊಂದು 10 ಸೆಂ.ಮೀ. ಮೇಲೆ ಮೇಲೆ ಬರುವಂತೆ ಮುಗಿಸಿ. ದಬ್ಬಳದ ತುದಿ ಕಾಯಿಸಿ ಟೇಪಿನಲ್ಲಿ ವಾಲ್ವಿಗೆ ತೂತು ಮಾಡಿ. ಕತ್ತರಿಯಲ್ಲಿ ಸೀಳಿದರೆ ಸೀಳು ಬೆಳೆಯುತ್ತದೆ. ಟೈರು, ಟ್ಯೂಬು ಹಾಕಿ ಗಾಳಿ ತುಂಬಿ ಒಂದು ರಾತ್ರಿ ಬಿಡಿ. ಟೇಪು ಒತ್ತಿಕೊಂಡು ಅಂಚಿನವರೆಗೆ ಅಂಟುತ್ತದೆ. ಬೆಳಗ್ಗೆ ಟೈರಿನ ಒಂದೇ ಬದಿ ಬಿಡಿಸಿ ಟ್ಯೂಬು ತೆಗೆಯಿರಿ. ತೂತಿಗೆ ಟ್ಯೂಬ್‌ಲೆಸ್ ವಾಲ್ವು ಕೂರಿಸಿ. ಕತ್ತರಿಯಲ್ಲಿ ಸೀಳಿದರೆ ಸೀಳು ಬೆಳೆಯುತ್ತದೆ. ವಾಲ್ವಿನ ನಟ್ಟಿಗೆ ಬೆರಳಿನ ಬಿಗಿ ಸಾಕು, ಇಕ್ಕುಳ ಹಾಕಬಾರದು.

ಟೈರಿನ ಅಂಚಿಗೆ ಸೋಪು ನೀರು ಹಚ್ಚಿ, ವಾಲ್ವಿನ ಒಳಪಿನ್ನು ಬಿಚ್ಚಿಟ್ಟು ಗಾಳಿ ಹೊಡೆಯಿರಿ. ಪಿನ್ನಿಲ್ಲದಿದ್ದರೆ ಗಾಳಿ ಒಮ್ಮೆಗೇ ನುಗ್ಗುತ್ತದೆ. ಟೈರು ಪಟ್ ಪಟ್ ಎಂದು ಸದ್ದು ಮಾಡಿ ಅಂಚಿಗೆ ಕೂರಬೇಕು. ಪೆಟ್ರೋಲ್ ಬಂಕಿನ ಗಾಳಿ ಹಿಡಿಸುವುದಾದರೆ ಪ್ರೆಸ್ಟಾ ಎಂಬ ಈ ಸಪೂರ ವಾಲ್ವಿನ ಅಡಾಪ್ಟರ್ ಬೇಕು, ಮತ್ತು ಕಣ್ಣು ಗೇಜಿನ ಮೇಲಿರಬೇಕು. ಟೈರಿನ ಅಂಚು ಹಿಡಿಯುವ ಕೊಕ್ಕೆಯಿಲ್ಲದ (ಹುಕ್‌ಲೆಸ್) ರಿಮ್ಮಿಗೆ 5 ಬಾರ್, ಅಂದರೆ 72.5 ಪಿಎಸ್‌ಐ, ದಾಟಬಾರದು. ಟೈರಿನ ಮೇಲೆ ಅದಕ್ಕಿಂತ ಕಡಿಮೆ ಬರೆದಿದ್ದರೆ ಅದೇ ಮಿತಿ. ಕೂತ ಮೇಲೆ ಗಾಳಿ ಇಳಿಸಿ, ವಾಲ್ವಿನ ಮೂಲಕ 60 ಮಿ.ಲೀ. ಸೀಲೆಂಟ್ ಬಿಡಿ. 29×2.25 ಟೈರಾದರೆ 90–100. ಪಿನ್ನು ಹಾಕಿ ಗಾಳಿ ತುಂಬಿ, ಚಕ್ರವನ್ನು ಮೊರದಲ್ಲಿ ಕೇರಿದಂತೆ ಅಲ್ಲಾಡಿಸಿ, ಒಂದೊಂದು ಬದಿಗೆ ಹತ್ತು ನಿಮಿಷ ಬಕೆಟ್ಟಿನ ಮೇಲೆ ಮಲಗಿಸಿಡಿ. ಕಡ್ಡಿಯ ಬುಡದಿಂದ ಸೀಲೆಂಟ್ ಒಸರಿದರೆ ತಪ್ಪು ಟೈರಿನದಲ್ಲ, ಟೇಪಿನದು, ಮೊದಲಿಂದ ಮಾಡಬೇಕು.

ಸೀಲೆಂಟ್ ಶಾಶ್ವತವಲ್ಲ. ಎರಡು-ಮೂರು ತಿಂಗಳಿಗೊಮ್ಮೆ ಚಕ್ರವನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿ. ಕುಲುಕುವ ಸದ್ದಿಲ್ಲದಿದ್ದರೆ 30 ಮಿ.ಲೀ. ಸೇರಿಸಿ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಬೇಗ ಒಣಗುತ್ತದೆ, ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ ಒಮ್ಮೆ ನೋಡಿಕೊಳ್ಳಿ.

ಮುಳ್ಳು ಹೊಕ್ಕರೆ ಮುಳ್ಳು ಕೀಳಿ, ತೂತು ನೆಲದ ಕಡೆ ಬರುವಂತೆ ಚಕ್ರ ತಿರುಗಿಸಿ ಅರ್ಧ ನಿಮಿಷ ನಿಲ್ಲಿಸಿ. ಬಿದಿರು ಮುಳ್ಳಿನ ತೂತು ಇಷ್ಟಕ್ಕೇ ಮುಚ್ಚುತ್ತದೆ. ಒಂದು ಎಚ್ಚರ: ಎಂದಾದರೂ ಇದೇ ಟೈರಿಗೆ ಟ್ಯೂಬು ಹಾಕಬೇಕಾಗಿ ಬಂದರೆ ಮೊದಲು ಒಳಮೈಯನ್ನು ಬಟ್ಟೆಯಿಂದ ಸವರಿ ನೋಡಿ. ನಿಮಗೆ ಗೊತ್ತಿಲ್ಲದೆ ಸೀಲೆಂಟ್ ಮುಚ್ಚಿಹಾಕಿದ ಮುಳ್ಳಿನ ಮುರುಕುಗಳು ಅಲ್ಲೇ ಇರುತ್ತವೆ, ಟ್ಯೂಬು ಹತ್ತು ಹೆಜ್ಜೆಯೂ ಬಾಳುವುದಿಲ್ಲ. ಬರಿಗೈ ಹಾಕಬೇಡಿ.

ಗಾಳಿ: ನಿಮ್ಮ ತೂಕಕ್ಕೆ 40ರ ಟ್ಯೂಬ್‌ಲೆಸ್ಸಿನಲ್ಲಿ ಮುಂದೆ 28, ಹಿಂದೆ 31 ಪಿಎಸ್‌ಐನಿಂದ ಶುರುಮಾಡಿ. 35ರ ಟೈರಾದರೆ 32 ಮತ್ತು 35. 29×2.2ಕ್ಕೆ 20 ಮತ್ತು 23. ಟ್ಯೂಬು ಇದ್ದರೆ ಎಲ್ಲಕ್ಕೂ 5–6 ಸೇರಿಸಿ, ಇಲ್ಲದಿದ್ದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ಕಲ್ಲಿಗೂ ಸಿಕ್ಕಿ ಹಾವು ಕಚ್ಚಿದಂತೆ ಪಕ್ಕಪಕ್ಕ ಎರಡು ತೂತಾಗುತ್ತದೆ. ಇಲ್ಲಿಂದ ಒಂದೊಂದು ಸವಾರಿಗೆ 2 ಪಿಎಸ್‌ಐ ಇಳಿಸುತ್ತ ಬನ್ನಿ. ರಿಮ್ಮು ಕಲ್ಲಿಗೆ ಠಣ್ ಎಂದ ದಿನ 2 ಏರಿಸಿ ಅಲ್ಲಿಗೇ ನಿಲ್ಲಿಸಿ. ಎರಡು ಪಂಪಿನ ಗೇಜು ಒಂದೇ ಸಂಖ್ಯೆ ತೋರಿಸುವುದು ಅಪರೂಪ, ಆದ್ದರಿಂದ ಯಾವಾಗಲೂ ಒಂದೇ ಪಂಪು ಬಳಸಿ. ಬೆರಳಲ್ಲಿ ಒತ್ತಿ ನೋಡುವುದನ್ನು ಬಿಡಿ. 28ಕ್ಕೂ 35ಕ್ಕೂ ಬೆರಳಿಗೆ ಭೇದ ತಿಳಿಯುವುದಿಲ್ಲ, ಕೆಸರಿಗೆ ತಿಳಿಯುತ್ತದೆ.

ಗೇರಿನ ಹಲ್ಲುಗಳು ಮುಂದೆ 46/36, ಹಿಂದೆ 11–28. ಮಡಿಕೇರಿಯ ಏರುಗಳಲ್ಲಿ ಇಳಿದು ತಳ್ಳಬೇಕಾಗುತ್ತಿದೆ. ಹಿಂದೆ 11–42 ಹಾಕಿಸಬಹುದೇ?
– ಓದುಗರು, ಮಡಿಕೇರಿ

ಕಾಲಿನ ತಪ್ಪಲ್ಲ, ಗೇರಿನ ತಪ್ಪು. ಲೆಕ್ಕ ನೋಡಿ. 700×35 ಚಕ್ರ ಒಂದು ಸುತ್ತಿಗೆ ಸುಮಾರು 2.17 ಮೀಟರ್ ಹೋಗುತ್ತದೆ. 36ಕ್ಕೆ 28 ಹಾಕಿ ನಿಮಿಷಕ್ಕೆ 60 ಸಲ ತುಳಿದರೆ ವೇಗ ಗಂಟೆಗೆ 10 ಕಿ.ಮೀ. ಸವಾರ, ಸೈಕಲ್ ಸೇರಿ 75 ಕೆ.ಜಿ. ಎಂದರೆ, ನೂರಕ್ಕೆ ಹತ್ತರ ಏರಿನಲ್ಲಿ ಆ ವೇಗಕ್ಕೆ ತೂಕ ಎತ್ತುವುದಕ್ಕೇ 205 ವಾಟ್ ಬೇಕು. ಕೆಸರಿನ ಎಳೆತ ಬೇರೆ. ಹಿಂದೆ 34 ಹಲ್ಲು ಇದ್ದರೆ ಅದೇ ತುಳಿತಕ್ಕೆ 8.3 ಕಿ.ಮೀ., ಸುಮಾರು 170 ವಾಟ್. ಏದುಸಿರಿಗೂ ಮಾತಾಡುತ್ತ ಹತ್ತುವುದಕ್ಕೂ ಇರುವ ದೂರ ಅಷ್ಟೇ.

42 ಹಲ್ಲು, ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ನಿಮ್ಮ ಹಿಂದಿನ ಡಿರೇಲರ್‌ಗೆ ಆಗದು. ಗಿಡ್ಡ ತೋಳಿನ ರೋಡ್ ಡಿರೇಲರ್ ಸಾಮಾನ್ಯವಾಗಿ 28 ಅಥವಾ 30ಕ್ಕೇ ಮುಗಿಯುತ್ತದೆ. ಮಧ್ಯಮ ತೋಳಿನದು ಹಾಕಿಸಿ 11–34 ಕೊಂಡುಕೊಳ್ಳಿ. ಮುಂದಿನ ಹಲ್ಲುಗಳ ವ್ಯತ್ಯಾಸ 10, ಹಿಂದಿನದು 23, ಕೂಡಿದರೆ 33. ಡಿರೇಲರ್ ತಯಾರಕರು ಕೊಟ್ಟಿರುವ ಸಾಮರ್ಥ್ಯ ಇಷ್ಟಾದರೂ ಇರಬೇಕು. ಅಗ್ಗಕ್ಕೆ ಸಿಕ್ಕಿತೆಂದು ಎಂಟಿಬಿಯ ಡಿರೇಲರ್ ತರಬೇಡಿ. ಬಿಡಿಭಾಗ ತಯಾರಿಸುವ ಶಿಮಾನೋ ಕಂಪನಿಯವುಗಳಲ್ಲಿ 10 ಗೇರಿನಿಂದ ಮೇಲಕ್ಕೆ ರೋಡ್ ಲಿವರ್ ಎಳೆಯುವ ತಂತಿಯ ಉದ್ದಕ್ಕೂ ಎಂಟಿಬಿ ಡಿರೇಲರ್ ಸರಿಯುವುದಕ್ಕೂ ತಾಳೆಯಾಗುವುದಿಲ್ಲ.

ಚೈನು ಮರೆತರೆ ಎಲ್ಲ ಕೆಟ್ಟಿತು. ಡಿರೇಲರ್ ಬಳಸದೆ ಮುಂದಿನ ದೊಡ್ಡ ಹಲ್ಲುಚಕ್ರ, ಹಿಂದಿನ ದೊಡ್ಡ ಹಲ್ಲುಚಕ್ರದ ಮೇಲೆ ಚೈನನ್ನು ನೇರ ಸುತ್ತಿ, ಎರಡು ಕೊಂಡಿ ಹೆಚ್ಚು ಬಿಟ್ಟು ಕತ್ತರಿಸಬೇಕು. ಹಳೆ ಚೈನನ್ನೇ ಉಳಿಸಿಕೊಂಡರೆ ಎಂದೋ ಒಂದು ದಿನ ದೊಡ್ಡದಕ್ಕೆ ದೊಡ್ಡದು ಬಿದ್ದು ಡಿರೇಲರ್ ತೂಗುವ ಹ್ಯಾಂಗರ್ ಮುರಿಯುತ್ತದೆ. ನಿಮ್ಮ ಫ್ರೇಮಿನದೇ ಹ್ಯಾಂಗರ್ ಒಂದನ್ನು ಹೆಚ್ಚುವರಿ ತರಿಸಿ ಚೀಲದಲ್ಲಿಡಿ. ನೂರಾರು ನಮೂನೆಗಳಿವೆ, ಮುರಿದ ದಿನ ಮೈಸೂರಿನಲ್ಲೂ ಸಿಗದೆ ಹೋಗಬಹುದು.

ಡಿಸ್ಕ್ ಬ್ರೇಕಿನ ಪ್ಯಾಡು ಒಂದು ಮಳೆಗಾಲ ಬರುವುದಿಲ್ಲ. ಕಿರುಚಾಟ ಬೇರೆ.
– ಓದುಗರು, ಸೋಮವಾರಪೇಟೆ

ನಿಮ್ಮದು ರೆಸಿನ್ ಪ್ಯಾಡು ಇರಬೇಕು. ನೀರಿನೊಂದಿಗೆ ಬರುವ ಮರಳು ಅದನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಮಳೆಗಾಲಕ್ಕೆ ಲೋಹದ, ಅಂದರೆ ಸಿಂಟರ್ಡ್ ಪ್ಯಾಡು ಹಾಕಿ. ಸದ್ದು ತುಸು ಹೆಚ್ಚು, ಬಾಳಿಕೆ ಬಹಳ ಹೆಚ್ಚು. ಅದಕ್ಕೂ ಮೊದಲು ಪ್ಯಾಡು ಹಿಡಿಯುವ ಲೋಹದ ತಟ್ಟೆಯ, ಅಂದರೆ ರೋಟರ್ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಎಂದಿದೆಯೇ ನೋಡಿ. ಇದ್ದರೆ ರೋಟರೂ ಬದಲಾಗಬೇಕು. ಪ್ಯಾಡಿನ ಮಸಾಲೆ ಅರ್ಧ ಮಿ.ಮೀ.ಗೆ ಇಳಿದರೆ ಎಸೆಯಿರಿ. ಶಿಮಾನೋ ರೋಟರ್ ಹೊಸದರಲ್ಲಿ 1.8 ಮಿ.ಮೀ., 1.5ಕ್ಕೆ ಇಳಿದರೆ ಅದನ್ನೂ.

ಹೊಸ ಪ್ಯಾಡು ಹಾಕಿದ ದಿನ ನೇರ ಸಂಪಾಜೆ ಘಾಟಿ ಇಳಿಯಬೇಡಿ. ಒಣ ರಸ್ತೆಯಲ್ಲಿ 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ, ಚಕ್ರ ನಿಲ್ಲದಂತೆ, ಇಪ್ಪತ್ತು ಸಲ ಹಿಡಿದು ಬಿಡಿ. ಪ್ಯಾಡಿನ ತೆಳು ಪದರ ರೋಟರಿಗೆ ಸಮನಾಗಿ ಹತ್ತಿದ ಮೇಲೇ ಹಿಡಿತ ಬರುವುದು. ಕಿರುಚಾಟಕ್ಕೆ ಬಹುಮಟ್ಟಿಗೆ ಕಾರಣ ಚೈನಿಗೆ ಸಿಂಪಡಿಸಿದ ಎಣ್ಣೆ ರೋಟರಿಗೂ ಹಾರಿರುವುದು. ರೋಟರನ್ನು ಸ್ಪಿರಿಟ್ಟಿನಲ್ಲಿ ಒರೆಸಿದರೆ ಸಾಕು, ಪ್ಯಾಡು ಎಣ್ಣೆ ಕುಡಿದಿದ್ದರೆ ಉಳಿಸಲಾಗದು. ಇನ್ನೊಂದು, ಹೈಡ್ರಾಲಿಕ್ ಆದರೆ ಎಣ್ಣೆ ತುಂಬಿಸುವಾಗ ಲಿವರ್ ಮೇಲೆ ಬರೆದದ್ದನ್ನು ಓದಿಸಿ. ಮಿನರಲ್ ಆಯಿಲ್ ಇರುವ ಕಡೆ ಬೈಕಿನ ಡಾಟ್ ಎಣ್ಣೆ ಹಾಕಿದರೆ ಒಳಗಿನ ರಬ್ಬರ್ ಉಬ್ಬಿ ಇಡೀ ಬ್ರೇಕು ಹಾಳು.

ಕೊಂಬೆ ಸವರಿದ ಕಾಫಿ ಕಡ್ಡಿ ತಾಗಿ ಟೈರಿನ ಪಕ್ಕೆ ಸೀಳಿತು. ತೂತಿಗೆ ತುರುಕುವ ರಬ್ಬರ್ ಪ್ಲಗ್ ನಿಲ್ಲುತ್ತಿಲ್ಲ.
– ಓದುಗರು, ವಿರಾಜಪೇಟೆ

ಪಕ್ಕೆ ತೆಳು, ಓಡುವಾಗ ಮಡಚುತ್ತಲೇ ಇರುತ್ತದೆ. ಪ್ಲಗ್ ಅಲ್ಲಿ ನಿಲ್ಲದು. ಮನೆ ಸೇರಲು ಹಾಲಿನ ಪ್ಯಾಕೆಟ್ಟನ್ನು ನಾಲ್ಕು ಮಡಿಕೆ ಮಾಡಿ ಸೀಳಿನ ಒಳಗಿಟ್ಟು, ಟ್ಯೂಬು ಹಾಕಿ, 25 ಪಿಎಸ್‌ಐನಲ್ಲಿ ನಿಧಾನ ಬನ್ನಿ. ಅರ್ಧ ಸೆಂ.ಮೀ.ಗಿಂತ ದೊಡ್ಡ ಸೀಳಾದರೆ ಟೈರು ಮುಗಿಯಿತು. ಮುಂದಿನ ಸಲ ಪಕ್ಕೆಗೆ ಬಲಪಟ್ಟಿ ಇರುವುದನ್ನು ಕೊಳ್ಳಿ. 60 ಟಿಪಿಐ (ಇಂಚಿಗೆ 60 ನೂಲಿನೆಳೆ) ಟೈರು 120ಕ್ಕಿಂತ ಭಾರ, ಆದರೆ ಸಾಮಾನ್ಯವಾಗಿ ತೋಟದ ಒರಟಿಗೆ ಹೆಚ್ಚು ತಡೆಯುತ್ತದೆ.

ನಮ್ಮಲ್ಲಿ ಅಷ್ಟು ಮಳೆಯಿಲ್ಲ. ಹೆಚ್ಚು ಡಾಂಬರು, ಸ್ವಲ್ಪ ಮಣ್ಣು ದಾರಿ. ಯಾವ ಟೈರು?
– ಓದುಗರು, ಕುಶಾಲನಗರ

ನಡುವೆ ನುಣುಪು, ಅಂಚಿನಲ್ಲಿ ಗೊಟ್ಟು ಇರುವ 38ರ ಟೈರು. ಮೇಲಿನ ಕೆಸರಿನ ಪುರಾಣ ನಿಮಗಲ್ಲ.

ತೋಟಕ್ಕೆ ಔಷಧಿ ಹೊಡೆಯುವ ಪವರ್ ಸ್ಪ್ರೇಯರಿನಲ್ಲಿ ಸೈಕಲ್ ತೊಳೆದರೆ ಐದೇ ನಿಮಿಷ. ತಪ್ಪೇ?
– ಓದುಗರು, ಸುಂಟಿಕೊಪ್ಪ

ಔಷಧಿಯ ಅಂಶ ಉಳಿದಿರುವ ಪಂಪು ಎನ್ನುವುದು ಒಂದು ತಪ್ಪು. ನೀರಿನ ಬಾಣ ಹಬ್ಬಿನ ಸೀಲು ದಾಟಿ ಗ್ರೀಸನ್ನು ಹೊರದಬ್ಬಿ ಕೆಸರನ್ನು ಒಳಗೆ ಕೂರಿಸುತ್ತದೆ ಎನ್ನುವುದು ಇನ್ನೊಂದು. ಎರಡು ತಿಂಗಳಲ್ಲಿ ಪೆಡಲಿನ ಅಚ್ಚು ಕಿರಗುಟ್ಟತೊಡಗುತ್ತದೆ. ಕೆಸರು ಒಣಗುವ ಮುಂಚೆ ಮಗ್ಗಿನಲ್ಲಿ ನೀರು ಸುರಿದು, ಮೆತ್ತಗಿನ ಬ್ರಷ್ಷಿನಲ್ಲಿ ಉಜ್ಜಿದರೆ ಹದಿನೈದು ನಿಮಿಷ. ಚೈನನ್ನು ಬಟ್ಟೆಯಲ್ಲಿ ಹಿಡಿದು ಹಿಮ್ಮುಖ ತಿರುಗಿಸಿ ಒಣಗಿಸಿ, ಒಂದೊಂದು ಉರುಳೆಗೆ ಒಂದೊಂದೇ ಹನಿ ಮಳೆಗಾಲದ ವೆಟ್ ಲ್ಯೂಬ್ ಬಿಡಿ. ಸುರಿಯಬಾರದು, ಹೊರಗೆ ಉಳಿದ ಎಣ್ಣೆಗೆ ಮರಳು ಅಂಟಿ ಅದೇ ಚೈನನ್ನು ತಿನ್ನುತ್ತದೆ. ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಒರೆಸಿ. ತಿಂಗಳಿಗೊಮ್ಮೆ ಚೈನ್ ಗೇಜು ಇಟ್ಟು ನೋಡಿ: 11, 12 ಗೇರಿನದು ಶೇ 0.5, ಅದಕ್ಕಿಂತ ಕಡಿಮೆ ಗೇರಿನದು ಶೇ 0.75 ಹಿಗ್ಗು ತೋರಿಸಿದರೆ ಬದಲಿಸಿ. ತಡಮಾಡಿದರೆ ಹಿಂದಿನ ಹಲ್ಲುಗಳೂ ಜೊತೆಗೇ ಹೋಗುತ್ತವೆ.

ಸೀಟಿನ ಕಂಬವನ್ನು ಎತ್ತರದ ಗುರುತು ಹಾಕಿಕೊಂಡು ಹೊರತೆಗೆದು ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ. ಆಟಿ ತಿಂಗಳ ಸುರಿಮಳೆಯಲ್ಲಿ ಫ್ರೇಮಿನೊಳಗಿಂದ ಅರ್ಧ ಲೋಟ ನೀರು ಬಂದರೂ ಆಶ್ಚರ್ಯವಿಲ್ಲ. ಕಂಬವೂ ಫ್ರೇಮೂ ಲೋಹದವಾದರೆ ಗ್ರೀಸು, ಎರಡರಲ್ಲಿ ಯಾವುದಾದರೂ ಕಾರ್ಬನ್ ಆದರೆ ಕಾರ್ಬನ್ ಪೇಸ್ಟ್ ಸವರಿ ಮತ್ತೆ ಹಾಕಿ.